ಹಳ್ಳಿ ಪಾದ್ರಿಯಾಗಿದ್ದ ಜಾರ್ಜ್ ಹರ್ಬರ್ಟ್ ಧರ್ಮದ ಬಗ್ಗೆ ಏನು ಬರೆದರು?

ಮುಖ್ಯವಾಗಿ ಎರಡು ಕೃತಿ. ಎರಡೂ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ.

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಅಧಿಕೃತ ಭಾಷಣಕಾರರಾಗಿದ್ದ ಹರ್ಬರ್ಟ್, 1630ರಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿ ಪಕ್ಕದ ಬೆಮರ್ಟನ್ ಎಂಬ ಸಣ್ಣ ಊರಿಗೆ ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಚರ್ಚಿನ) ಪಾದ್ರಿಯಾಗಿ ಬಂದರು. ಅಲ್ಲಿ ಮೂರು ವರ್ಷವೂ ತುಂಬಲಿಲ್ಲ. 1633ರಲ್ಲಿ, ನಲವತ್ತು ತುಂಬುವ ಮೊದಲೇ, ಹೋಗಿಬಿಟ್ಟರು.

ಅದೇ ವರ್ಷ ಬಂದ ‘ದಿ ಟೆಂಪಲ್’ ಕವನ ಸಂಕಲನವೇ ಹೆಚ್ಚು ಪ್ರಸಿದ್ಧ. ದೇವರೊಡನೆ ಜಗಳವಾಡಿ, ಮುನಿಸಿಕೊಂಡು, ಕೊನೆಗೆ ಸೋಲುವ ಕವಿತೆಗಳು ಅದರಲ್ಲಿವೆ. ನಮ್ಮ ವಚನಗಳನ್ನು ಓದಿದವರಿಗೆ ಈ ಸಲಿಗೆ ಹೊಸದೆನಿಸದು. ‘ಈಸ್ಟರ್ ವಿಂಗ್ಸ್’ ಕವಿತೆಯ ಸಾಲುಗಳಂತೂ ಕುಗ್ಗುತ್ತ ಹಿಗ್ಗುತ್ತ ರೆಕ್ಕೆಯ ಆಕಾರವನ್ನೇ ತಾಳುತ್ತವೆ.

ನನಗೆ ಇಷ್ಟವಾದದ್ದು ಮಾತ್ರ 1652ರಲ್ಲಿ ಅಚ್ಚಾದ ಗದ್ಯಕೃತಿ ‘ದಿ ಕಂಟ್ರಿ ಪಾರ್ಸನ್’. ಹಳ್ಳಿ ಪಾದ್ರಿ ಹೇಗಿರಬೇಕು ಎಂಬುದೇ ಅದರ ವಿಷಯ. ಉಳುಮೆ, ದನ ಮೇಯಿಸುವುದು ಅವನಿಗೆ ಗೊತ್ತಿರಬೇಕು, ಯಾಕೆಂದರೆ ರೈತರಿಗೆ ಅವರಿಗೆ ತಿಳಿದ ಸಂಗತಿಯಿಂದಲೇ ಪಾಠ ಹೇಳಬೇಕು. ಪ್ರವಚನ ಒಂದು ಗಂಟೆ ದಾಟಬಾರದು. ಊರವರಿಗೆ ಮದ್ದು ಕೊಡುವಾಗ ಅಂಗಡಿ ಔಷಧಿಗಿಂತ ಹಿತ್ತಲ ಗಿಡಮೂಲಿಕೆಯೇ ಲೇಸು, ಖರ್ಚೂ ಕಡಿಮೆ!