ಆಘಾತ ತರಂಗ ತಾಗುವ ಮೊದಲೇ ಒತ್ತಡ ಏರುವುದೇಕೆ?

ಸೂಪರ್‌ಸಾನಿಕ್ (ಧ್ವನಿಗಿಂತ ವೇಗದ) ಹರಿವಿನಲ್ಲಿ ಯಾವ ಅಡಚಣೆಯ ಸುಳಿವೂ ಹರಿವಿನ ಎದುರು ದಿಕ್ಕಿಗೆ ಸಾಗಲಾರದು ಎಂದು ಪಠ್ಯಪುಸ್ತಕಗಳು ಹೇಳುತ್ತಿರುವಾಗ, ಮ್ಯಾಕ್ 2ರ (ಧ್ವನಿಯ ಎರಡು ಪಟ್ಟು ವೇಗದ) ಗಾಳಿಸುರಂಗದಲ್ಲಿ ಆಘಾತ ತರಂಗವು, ಅಂದರೆ ಒತ್ತಡ ಒಮ್ಮೆಲೇ ಜಿಗಿಯುವ ತೆಳುವಾದ ತರಂಗವು, ಚಪ್ಪಟೆ ಫಲಕಕ್ಕೆ ಬಡಿಯುವ ಜಾಗಕ್ಕಿಂತ ಹರಿವು ಬರುವ ಕಡೆಗೆ ಸಾಕಷ್ಟು ಮೊದಲೇ ಫಲಕದ ಮೇಲಿನ ಒತ್ತಡ ಏರತೊಡಗಿದ್ದು ಹೇಗೆ, ಇದು ಅಳತೆಯ ದೋಷವೇ ಎಂದು ನೀವು ಕೇಳಿದ್ದೀರಿ. ದೋಷವಲ್ಲ. ವಿದ್ಯಾರ್ಥಿಯಾಗಿದ್ದಾಗ ಇಂಥದೇ ನಕ್ಷೆಯನ್ನು ಮೊದಲ ಸಲ ಕಂಡ ನಾನೂ ಅರ್ಧ ದಿನ ಒತ್ತಡ ಅಳೆಯುವ ನಳಿಕೆಗಳಲ್ಲಿ ಸೋರಿಕೆ ಹುಡುಕುತ್ತ ಕುಳಿತಿದ್ದೆ.

ಪುಸ್ತಕದ ಆ ಮಾತು ಧ್ವನಿಗಿಂತ ವೇಗವಾಗಿ ಹರಿಯುವ ಗಾಳಿಗೆ ಮಾತ್ರ ಸಲ್ಲುತ್ತದೆ. ಫಲಕಕ್ಕೆ ಅಂಟಿಕೊಂಡ ಗಾಳಿ ಸ್ನಿಗ್ಧತೆಯ, ಅಂದರೆ ಗಾಳಿಯ ಒಳಘರ್ಷಣೆಯ ಕಾರಣದಿಂದ ನಿಂತೇ ಇರುತ್ತದೆ. ಅಲ್ಲಿಂದ ಹೊರಗಿನ ಪೂರ್ಣ ವೇಗಕ್ಕೆ ಏರುವ ತೆಳುವಾದ ವಲಯವನ್ನೇ ಲುಡ್ವಿಗ್ ಪ್ರಾಂಟ್ಲ್ 1904ರಲ್ಲಿ ಗಡಿಪದರವೆಂದು ಗುರುತಿಸಿದರು. ಹೊರಗೆ ಮ್ಯಾಕ್ 2, ಗೋಡೆಯಲ್ಲಿ ಸೊನ್ನೆ ಎಂದಾದರೆ ನಡುವೆ ಎಲ್ಲೋ ಮ್ಯಾಕ್ 1 ಬರಲೇಬೇಕು. ಅದರ ಕೆಳಗಿನ ಪಟ್ಟಿ ಧ್ವನಿಗಿಂತ ನಿಧಾನವಾಗಿ ಹರಿಯುವುದರಿಂದ ಒತ್ತಡದ ಸುಳಿವು ಅದರೊಳಗೆ ನುಸುಳಿ ಎದುರು ದಿಕ್ಕಿಗೆ ಸಾಗಬಲ್ಲದು.

ಹೆಚ್ಚಿನ ವಿವರಣೆಗಳು ಇಲ್ಲಿಗೇ ನಿಂತುಬಿಡುತ್ತವೆ, ಆದರೆ ನನ್ನ ದೃಷ್ಟಿಯಲ್ಲಿ ಇದು ಅರ್ಧ ಉತ್ತರ ಮಾತ್ರ. ಅಷ್ಟು ತೆಳುವಾದ ಪಟ್ಟಿಯಲ್ಲಿ ಬರಿಯ ನುಸುಳುವಿಕೆ ಬಹಳ ದೂರ ಹೋಗದೆ ಕ್ಷೀಣಿಸುತ್ತದೆ. ನುಸುಳಿದ ಒತ್ತಡವು ಗೋಡೆಯ ಬಳಿಯ ಮಂದಗತಿಯ ಗಾಳಿಯನ್ನು ಇನ್ನಷ್ಟು ನಿಧಾನಗೊಳಿಸುತ್ತದೆ. ಹಾಗಾದಾಗ ಗಡಿಪದರ ಉಬ್ಬುತ್ತದೆ. ಹೊರಗಿನ ಸೂಪರ್‌ಸಾನಿಕ್ ಹರಿವಿಗೆ ಆ ಉಬ್ಬು ಒಂದು ಇಳಿಜಾರಿನಂತೆ ಎದುರಾಗುವುದರಿಂದ ಅಲ್ಲಿ ಸಂಪೀಡನ ತರಂಗಗಳು ಹುಟ್ಟುತ್ತವೆ. ಆ ತರಂಗಗಳು ಅದೇ ಜಾಗದ ಒತ್ತಡವನ್ನು ಏರಿಸಿ ಉಬ್ಬನ್ನು ಮತ್ತಷ್ಟು ಪೋಷಿಸುತ್ತವೆ. ಒತ್ತಡ ಮತ್ತು ಉಬ್ಬು ಹೀಗೆ ಒಂದನ್ನೊಂದು ಎತ್ತಿ ಹಿಡಿದುಕೊಂಡೇ ಎದುರು ದಿಕ್ಕಿಗೆ ಹರಡುತ್ತವೆ. ಆಘಾತ ಸಾಕಷ್ಟು ಬಲವಾಗಿದ್ದರೆ ಗಡಿಪದರ ಗೋಡೆಯಿಂದ ಬೇರ್ಪಟ್ಟು, ಒಳಗೆ ಗಾಳಿ ಹಿಮ್ಮುಖವಾಗಿ ಸುತ್ತುವ ಗುಳ್ಳೆಯೊಂದು ಉಂಟಾಗುತ್ತದೆ.

ಚಾಪ್‌ಮನ್, ಕ್ಯೂನ್ ಮತ್ತು ಲಾರ್ಸನ್ 1958ರ ತಮ್ಮ ವರದಿಯಲ್ಲಿ ತೋರಿಸಿದ ಸಂಗತಿ ನನಗೆ ಇಂದಿಗೂ ಸೋಜಿಗವೆನಿಸುತ್ತದೆ: ಬೇರ್ಪಡುವ ಜಾಗದವರೆಗಿನ ಒತ್ತಡದ ಏರಿಕೆಯನ್ನು ಅಲ್ಲಿನ ಮ್ಯಾಕ್ ಸಂಖ್ಯೆ ಮತ್ತು ಗಡಿಪದರದ ಸ್ಥಿತಿಯೇ ನಿರ್ಧರಿಸುತ್ತವೆ, ಮುಂದೆ ಇರುವುದು ಮೆಟ್ಟಿಲೋ, ಇಳಿಜಾರೋ, ಮೇಲಿನಿಂದ ಬಂದು ಬಡಿಯುವ ಆಘಾತವೋ ಎಂಬುದು ಅದಕ್ಕೆ ಮುಖ್ಯವಲ್ಲ.

ಈ ವಿಷಯದಲ್ಲಿ ಬೆಂಗಳೂರಿಗೆ ಆಪ್ತವಾದ ಹೆಸರೊಂದಿದೆ. ಬಾಹ್ಯಾಕಾಶ ಯೋಜನೆಯ ನೇತಾರರೆಂದು ನಾವೆಲ್ಲ ಬಲ್ಲ ಸತೀಶ್ ಧವನ್, 1951ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರುವ ಮುನ್ನ ಅಮೆರಿಕದ ಕ್ಯಾಲ್‌ಟೆಕ್‌ ಸಂಸ್ಥೆಯಲ್ಲಿ ಹ್ಯಾನ್ಸ್ ಲೀಪ್‌ಮನ್ ಮತ್ತು ಅನಟೋಲ್ ರೋಷ್ಕೊ ಅವರೊಡನೆ ಅಧ್ಯಯನ ಮಾಡಿದ್ದು ಗಡಿಪದರದಿಂದ ಆಘಾತ ತರಂಗ ಪ್ರತಿಫಲಿಸುವ ಬಗೆಯನ್ನೇ, ಅಂದರೆ ಹೆಚ್ಚುಕಡಿಮೆ ನಿಮ್ಮ ಪ್ರಶ್ನೆಯನ್ನೇ. ಲ್ಯಾಮಿನಾರ್ (ಗಾಳಿ ನಯವಾಗಿ ಪದರಪದರವಾಗಿ ಹರಿಯುವ) ಪದರದಲ್ಲಿ ಆಘಾತದ ಪ್ರಭಾವವು ಪದರದ ದಪ್ಪದ ಹತ್ತಾರು ಪಟ್ಟು ದೂರ ಎದುರಿಗೆ ಚಾಚುತ್ತದೆ. ಟರ್ಬುಲೆಂಟ್ (ಗಾಳಿ ಸುಳಿಸುಳಿಯಾಗಿ ಕಲಕುವ) ಪದರದಲ್ಲಿ ಕೆಲವೇ ಪಟ್ಟು. ಟರ್ಬುಲೆಂಟ್ ಪದರದ ಸುಳಿಗಳು ಮೇಲಿನ ವೇಗದ ಗಾಳಿಯನ್ನು ಗೋಡೆಯ ಬಳಿಗೆ ಇಳಿಸುತ್ತಲೇ ಇರುವುದರಿಂದ ಅಲ್ಲಿನ ಗಾಳಿಗೆ ಒತ್ತಡವನ್ನು ಎದುರಿಸುವ ಕಸುವು ಹೆಚ್ಚು, ಧ್ವನಿಗಿಂತ ನಿಧಾನವಾದ ಪಟ್ಟಿಯೂ ತೆಳು.

ವಿಮಾನಗಳ ಮಟ್ಟಿಗೆ ಆಘಾತ ತರಂಗ ಮತ್ತು ಗಡಿಪದರದ ಈ ಒಡನಾಟ ಸಣ್ಣ ವಿಷಯವಲ್ಲ. 1967ರ ಅಕ್ಟೋಬರ್ 3ರಂದು ಮ್ಯಾಕ್ 6.7 ತಲುಪಿದ ಅಮೆರಿಕದ ರಾಕೆಟ್ ವಿಮಾನ ಎಕ್ಸ್-15ರ ಅಡಿಯಲ್ಲಿ ಅಣಕು ರಾಮ್‌ಜೆಟ್ (ಒಂದು ಬಗೆಯ ಜೆಟ್ ಎಂಜಿನ್) ಒಂದನ್ನು ತೂಗುಹಾಕಿದ್ದರು; ಆಘಾತ ತರಂಗಗಳು ತಾಗಿದ ಕಡೆ ತಾಪ ವಿಪರೀತವಾಗಿ ಅದರ ಆಧಾರದ ಲೋಹವೇ ಸುಟ್ಟು ತೂತಾಯಿತು, ರಾಮ್‌ಜೆಟ್ ಕಳಚಿ ಬಿತ್ತು.

ನಿಮ್ಮ ಪ್ರಯೋಗಕ್ಕೆ ಮರಳಿದರೆ, ಏರಿಕೆ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಮಿಲಿಮೀಟರ್‌ಗಳಲ್ಲಿ ಅಲ್ಲ, ಗಡಿಪದರದ ದಪ್ಪದ ಲೆಕ್ಕದಲ್ಲಿ ನೋಡಿ. ಇಪ್ಪತ್ತು ಮೂವತ್ತು ಪಟ್ಟು ಬಂದರೆ ನಿಮ್ಮ ಪದರ ಬಹುತೇಕ ಲ್ಯಾಮಿನಾರ್ ಇರಬೇಕು. ಫಲಕದ ಮುಂಚೂಣಿ ಅಂಚಿನ ಬಳಿ ಉಪ್ಪುಕಾಗದದ ಸಣ್ಣ ಪಟ್ಟಿಯೊಂದನ್ನು ಅಂಟಿಸಿ ಪದರವನ್ನು ಟರ್ಬುಲೆಂಟ್ ಮಾಡಿ ಮತ್ತೊಮ್ಮೆ ಅಳೆಯಿರಿ. ಏರಿಕೆಯ ಆರಂಭ ಆಘಾತದ ಹತ್ತಿರಕ್ಕೆ ಸರಿದರೆ ನಿಮ್ಮ ನಳಿಕೆಗಳು ಸರಿಯಾಗಿಯೇ ಇವೆ.