ಓಕೆ ಗೋ ವಿಡಿಯೋಗಳು ನಿಜವಾಗ್ಲೂ ಒಂದೇ ಟೇಕಾ? ಯಾವುದರಿಂದ ಶುರು ಮಾಡಲಿ?

ನೀವು ಕೇಳಿರೋದು ಎರಡು ಪ್ರಶ್ನೆ. ಓಕೆ ಗೋ ಬ್ಯಾಂಡಿನ ವಿಡಿಯೋಗಳನ್ನ ಯಾವುದರಿಂದ ನೋಡಬೇಕು, ಮತ್ತೆ ಅವೆಲ್ಲ ನಿಜವಾಗ್ಲೂ ಒಂದೇ ಟೇಕಲ್ಲಿ, ಅಂದ್ರೆ ಮಧ್ಯೆ ಎಲ್ಲೂ ಕಟ್ ಇಲ್ಲದೆ ಒಂದೇ ಸಲಕ್ಕೆ, ತೆಗೆದವಾ ಅಂತ. ನಾನು ಸಂಗೀತದವನಲ್ಲ. ದಾವಣಗೆರೆಯಲ್ಲಿ ಮದುವೆ ವಿಡಿಯೋ ತೆಗೆಯುತ್ತೇನೆ, ರಾತ್ರಿ ಕೂತು ಎಡಿಟ್ ಮಾಡುತ್ತೇನೆ. ಹಾಗಾಗಿ ಗಿಟಾರ್ ಬಗ್ಗೆ ಕೇಳಬೇಡಿ, ಕಟ್ ಬಗ್ಗೆ ಕೇಳಿ. ಕೆಲವು ಒಂದೇ ಟೇಕು, ಕೆಲವು ಅಲ್ಲವೇ ಅಲ್ಲ, ಇನ್ನು ಕೆಲವು ಎರಡರ ನಡುವೆ ಎಲ್ಲೋ ಇವೆ. ನನಗೆ ಈ ನಡುವಿನವೇ ಜಾಸ್ತಿ ಇಷ್ಟ.

ಶುರು ಮಾಡೋದಾದರೆ ಮೊದಲಿಂದಲೇ ಮಾಡಿ. 1998ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಬ್ಯಾಂಡು ಇದು. ಮೊದಲು ಅವರೂ ಎಲ್ಲರ ಹಾಗೆ ಮಾಮೂಲಿ ವಿಡಿಯೋ ಮಾಡಿದ್ದರು. 2005ರ 'ಎ ಮಿಲಿಯನ್ ವೇಸ್' ನೋಡಿ: ನಾಲ್ಕು ಜನ, ಮನೆ ಹಿತ್ತಲು, ಅಲುಗಾಡದ ಒಂದು ಕ್ಯಾಮೆರಾ, ಡಾನ್ಸು, ಅಷ್ಟೆ. ಬೆಳಕೂ ಸರಿಯಿಲ್ಲ. ನಮ್ಮ ಹತ್ತಿರ ಅಂಥ ಫುಟೇಜ್ ತಂದುಕೊಟ್ಟರೆ ಬೈದು ಕಳಿಸುತ್ತೇವೆ. ಆದರೆ ಜನ ಅದನ್ನೇ ಮುಗಿಬಿದ್ದು ನೋಡಿದರು. ಮುಂದಿನ ವರ್ಷ, 2006ರಲ್ಲಿ, 'ಹಿಯರ್ ಇಟ್ ಗೋಸ್ ಅಗೇನ್' ಬಂತು. ಎಂಟು ಟ್ರೆಡ್‌ಮಿಲ್, ಅದೇ ನಾಲ್ಕು ಜನ, ಮತ್ತೆ ಕದಲದ ಕ್ಯಾಮೆರಾ. ಹೆಜ್ಜೆ ಹಾಕಿಸಿದ್ದು ಟ್ರಿಶ್ ಸೀ, ಹಾಡುಗಾರ ಡೇಮಿಯನ್ ಕುಲಾಶ್‌ನ ಒಡಹುಟ್ಟಿದವಳು. ಇದಕ್ಕೆ 2007ರಲ್ಲಿ ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂತು.

ಇದರಲ್ಲಿ ಕಾಲು ನೋಡಬೇಡಿ, ಮುಖ ನೋಡಿ. ನಗು ಇಲ್ಲ, ಹಾವಭಾವ ಇಲ್ಲ. ಒಳಗೊಳಗೇ ಹೆಜ್ಜೆ ಎಣಿಸುತ್ತಿರೋರ ಮುಖ ಅದು. ನಮ್ಮೂರ ಮಂಡಕ್ಕಿ ಭಟ್ಟಿಗಳಲ್ಲಿ ಬಿಸಿ ಮರಳಲ್ಲಿ ಅಕ್ಕಿ ಹುರಿಯೋರ ಮುಖ ಹೀಗೇ ಇರುತ್ತೆ. ಕೈ ತನ್ನ ಪಾಡಿಗೆ ಓಡುತ್ತಿರುತ್ತೆ, ಮುಖದಲ್ಲಿ ಏನೂ ಇರಲ್ಲ, ಯಾಕಂದ್ರೆ ಒಂದು ಕ್ಷಣ ಗಮನ ತಪ್ಪಿದರೂ ಸೀದು ಹೋಗುತ್ತೆ. ಈ ವಿಡಿಯೋ ಅಪ್ಪಟ ಒಂದೇ ಟೇಕು. ಅದರಲ್ಲಿ ಕಟ್ ಬಚ್ಚಿಡೋಕೆ ಜಾಗವೇ ಇಲ್ಲ.

ಕಟ್ ಎಲ್ಲಿ ಬಚ್ಚಿಡುತ್ತಾರೆ ಅಂತ ನನಗೆ ಹೇಗೆ ಗೊತ್ತು ಅಂತೀರಾ? ನಾನೇ ಬಚ್ಚಿಟ್ಟಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ಮನೆಯವರು ಇಂಥದ್ದೇ ವಿಡಿಯೋ ಮೊಬೈಲಲ್ಲಿ ತೋರಿಸಿ, ನಮಗೂ ಮದುವೆಯಲ್ಲಿ ಒಂದೇ ಟೇಕಲ್ಲಿ ಹಾಡು ಬೇಕು ಅಂದರು. ಕಲ್ಯಾಣ ಮಂಟಪದ ಗೇಟಿಂದ ಹೊರಟು ಊಟದ ಹಾಲ್, ಅಡುಗೆ ಭಟ್ಟರ ಒಲೆ, ಮೆಟ್ಟಿಲು, ಕೊನೆಗೆ ಸ್ಟೇಜು. ನಾಲ್ಕು ನಿಮಿಷ, ಕೈಯಲ್ಲಿ ಗಿಂಬಲ್ (ಕ್ಯಾಮೆರಾ ಅಲುಗಾಡದ ಹಾಗೆ ಹಿಡಿಯೋ ಸಾಧನ), ದಾರಿಯುದ್ದಕ್ಕೂ ಒಬ್ಬೊಬ್ಬರಾಗಿ ನೆಂಟರು ತುಟಿ ಆಡಿಸಬೇಕು. ಮೊದಲ ಟೇಕಲ್ಲಿ ಮದುಮಗನ ಗೆಳೆಯ ಸಾಲು ಮರೆತ. ಎರಡನೇದರಲ್ಲಿ ಸಾಂಬಾರ್ ಬಕೆಟ್ ಹಿಡಿದವನು ಅಡ್ಡ ಬಂದ. ಮೂರನೇದು ಸುಮಾರಾಗಿತ್ತು, ಆದರೆ ಮೆಟ್ಟಿಲ ಹತ್ತಿರ ಫೋಕಸ್ ಹೋಯ್ತು. ನಾಲ್ಕನೇದು ಎಷ್ಟು ಚೆನ್ನಾಗಿ ಬರ್ತಿತ್ತು ಅಂದ್ರೆ, ನಾನು ಉಸಿರು ಬಿಗಿ ಹಿಡಿದು ನಡೀತಿದ್ದೆ. ಊಟದ ಹಾಲ್ ಬಾಗಿಲಲ್ಲಿ ಒಬ್ಬ ಅಜ್ಜಿ ಗಿಂಬಲ್ ಹಿಡಿದ ಕೈಯನ್ನೇ ಹಿಡಿದು, "ಊಟ ಆತೇನಪ್ಪಾ? ಮೊದ್ಲು ಉಣ್ಣು ಬಾ, ಆಮೇಲೆ ಫೋಟೋ" ಅಂದರು. ಐದನೇ ಟೇಕಿಗೆ ಮುಹೂರ್ತ ಬಿಡಲಿಲ್ಲ. ಮನೆಗೆ ಬಂದು ಮೂರನೇದರ ಅರ್ಧ, ನಾಲ್ಕನೇದರ ಅರ್ಧ ತಗೊಂಡು, ಒಂದು ಕಂಬದ ಮುಂದೆ ಕ್ಯಾಮೆರಾ ಹಾದು ಹೋಗೋ ಕಡೆ ಅಂಟಿಸಿದೆ. ಆ ಮನೆಯವರಿಗೆ ಇನ್ನೂ ಗೊತ್ತಿಲ್ಲ.

ಆಮೇಲೆ ಗೊತ್ತಾಯ್ತು, 2010ರ 'ದಿಸ್ ಟೂ ಶಲ್ ಪಾಸ್' ವಿಡಿಯೋದಲ್ಲೂ ಇಂಥದ್ದೊಂದು ಕಂಬ ಇದೆ ಅಂತ. ಕಂಬ ಅಲ್ಲ, ಪರದೆ. ಲಾಸ್ ಏಂಜಲೀಸ್‌ನ ಎರಡು ಅಂತಸ್ತಿನ ಗೋದಾಮಿನ ತುಂಬ ಒಂದು ಯಂತ್ರ ಕಟ್ಟಿದ್ದಾರೆ. ಆಟಿಕೆ ಗಾಡಿ ಡಾಮಿನೋ ಬಿಲ್ಲೆಗಳ ಸಾಲಿಗೆ ತಾಗುತ್ತೆ, ಅದು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ, ಹೀಗೇ ಹೋಗಿ ಪಿಯಾನೋ ಬೀಳುತ್ತೆ, ಕೊನೆಗೆ ನಾಲ್ವರ ಮೇಲೂ ಬಣ್ಣ ಹಾರುತ್ತೆ. ಮಧ್ಯದಲ್ಲಿ ಸುತ್ತಿಗೆ ಒಂದು ಟಿವಿ ಒಡೆಯುತ್ತೆ ನೋಡಿ, ಅದರಲ್ಲಿ ಓಡ್ತಿರೋದು ಅವರದೇ ಟ್ರೆಡ್‌ಮಿಲ್ ವಿಡಿಯೋ. ಎರಡು ದಿನದಲ್ಲಿ 60ಕ್ಕೂ ಹೆಚ್ಚು ಟೇಕ್ ಆಗಿತ್ತು. ಮಧ್ಯೆ ಪರದೆ ಸರಿಯುವಾಗ ಒಂದು ಜೋಡಣೆ ಇದೆ. ಇದನ್ನ ತಿಳಿದಾಗ ನನಗೆ ಬೇಜಾರಾಗಲಿಲ್ಲ, ಎಷ್ಟೋ ಸಮಾಧಾನ ಆಯ್ತು!

ಈ ವಿಡಿಯೋ ಹಿಂದೆ ದುಡ್ಡಿನ ಕಥೆಯೂ ಇದೆ. ಆಗ ಅವರ ರೆಕಾರ್ಡ್ ಕಂಪನಿ ಇಎಂಐ, ಯೂಟ್ಯೂಬ್ ವಿಡಿಯೋವನ್ನ ಬೇರೆ ವೆಬ್‌ಸೈಟಿಗೆ ಹಾಕಿಕೊಳ್ಳದ ಹಾಗೆ ತಡೆದಿತ್ತು. ಹಂಚಿಕೊಂಡೇ ಹೆಸರಾದ ಬ್ಯಾಂಡಿಗೆ ಇದು ಹೊಟ್ಟೆ ಮೇಲೆ ಹೊಡೆದ ಹಾಗೆ ಅಲ್ವಾ? ಯಂತ್ರದ ವಿಡಿಯೋಗೆ ಸ್ಟೇಟ್ ಫಾರ್ಮ್ ಅನ್ನೋ ಇನ್ಶೂರೆನ್ಸ್ ಕಂಪನಿ ದುಡ್ಡು ಕೊಟ್ಟಿತು, ಅದೇ ಹೊತ್ತಿಗೆ ಇವರು ಇಎಂಐ ಬಿಟ್ಟು ಪ್ಯಾರಾಕಡೂಟೆ ಅಂತ ಸ್ವಂತ ರೆಕಾರ್ಡ್ ಲೇಬಲ್ ಮಾಡಿಕೊಂಡರು. ಅಲ್ಲಿಂದ ಮುಂದೆ ದೊಡ್ಡ ವಿಡಿಯೋಗಳ ಹಿಂದೆ ಒಬ್ಬರಲ್ಲ ಒಬ್ಬರು ಪ್ರಾಯೋಜಕರು. 2012ರ 'ನೀಡಿಂಗ್ ಗೆಟಿಂಗ್'ನಲ್ಲಿ ಮರುಭೂಮಿಯ ದಾರಿಯುದ್ದಕ್ಕೂ ವಾದ್ಯಗಳನ್ನ ಜೋಡಿಸಿ ಕಾರಿನಿಂದ ನುಡಿಸುತ್ತಾರೆ. ಶ್ರಮ ಒಪ್ಪುತ್ತೇನೆ, ಆದರೆ ನನಗೆ ಅದು ಷೆವರ್ಲೆ ಕಾರಿನ ಜಾಹೀರಾತಿನ ಹಾಗೇ ಕಾಣುತ್ತೆ.

2014ರಿಂದ ಆಟ ಬದಲಾಯ್ತು. ಹೊಸ ಚಮತ್ಕಾರ ಏನು ಅನ್ನೋದಕ್ಕಿಂತ ಹಾಡಿನ ವೇಗವನ್ನ ಏನು ಮಾಡ್ತಾರೆ ಅನ್ನೋದನ್ನ ಗಮನಿಸಿ. ಜಪಾನಿನಲ್ಲಿ ತೆಗೆದ 'ಐ ವೋಂಟ್ ಲೆಟ್ ಯು ಡೌನ್'ನಲ್ಲಿ ಒಂಟಿ ಗಾಲಿ ಸೈಕಲ್ಲಿನಂಥ ಪುಟ್ಟ ವಿದ್ಯುತ್ ಗಾಡಿಗಳ ಮೇಲೆ ಕೂತ ನಾಲ್ವರು, ಛತ್ರಿ ಹಿಡಿದ ಹುಡುಗಿಯರ ದೊಡ್ಡ ಹಿಂಡು, ಮೇಲೆ ಡ್ರೋನ್. ತೆಗೆದದ್ದು ಅರ್ಧ ವೇಗದ ಹಾಡಿಗೆ, ತೋರಿಸಿದ್ದು ಎರಡು ಪಟ್ಟು ವೇಗದಲ್ಲಿ. ಅದಕ್ಕೇ ಆ ಚುರುಕು ಒಂಥರಾ ಗೊಂಬೆ ಆಟದ ಹಾಗಿದೆ.

ಇನ್ನು 2016ರ ವಿಮಾನದ್ದು, 'ಅಪ್‌ಸೈಡ್ ಡೌನ್ ಆ್ಯಂಡ್ ಇನ್‌ಸೈಡ್ ಔಟ್'. ರಷ್ಯಾದಲ್ಲಿ, ಮೇಲೇರಿ ಕೆಳಗಿಳಿಯೋ ವಿಮಾನದೊಳಗೆ ತೆಗೆದದ್ದು. ವಿಮಾನ ಆ ಕಮಾನು ದಾಟುವಾಗ ಒಳಗಿದ್ದವರಿಗೆ 27 ಸೆಕೆಂಡ್ ತೂಕವೇ ಇರಲ್ಲ. ಹಾಡು ಮೂರು ನಿಮಿಷದ್ದು, ಏನು ಮಾಡೋದು? ಒಂದೇ ಹಾರಾಟದಲ್ಲಿ ಎಂಟು ಸಲ ತೇಲಿದರು. ಪ್ರತಿ ಸಲದ ಮಧ್ಯೆ ಸುಮಾರು ಐದು ನಿಮಿಷ ಸುಮ್ನೆ ಇದ್ದ ಜಾಗದಲ್ಲೇ ಕಾಯ್ದರು. ಕ್ಯಾಮೆರಾ ನಿಲ್ಲಲೇ ಇಲ್ಲ. ಆಮೇಲೆ ಆ ಐದೈದು ನಿಮಿಷಗಳನ್ನ ಕಿತ್ತು ಹಾಕಿದರು. ಹಾಡನ್ನೂ ನಿಧಾನ ಮಾಡಿ ಹಾಕಿಕೊಂಡಿದ್ದರು. ಈಗ ಹೇಳಿ, ಇದು ಒಂದೇ ಟೇಕಾ? ಹಾರಾಟ ಒಂದೇ, ಕ್ಯಾಮೆರಾ ಓಡಿದ್ದೂ ಒಂದೇ ಸಲ, ಆದರೆ ಕಟ್ ಮಾತ್ರ ಬೇಕಾದಷ್ಟಿವೆ. ಒಬ್ಬ ಎಡಿಟರ್ ಆಗಿ ನಾನು ಇದಕ್ಕೆ ಕೈ ಮುಗಿಯುತ್ತೇನೆ.

ಅದೇ ವರ್ಷದ 'ದ ಒನ್ ಮೊಮೆಂಟ್' ಇದರ ಉಲ್ಟಾ. ನಿಜವಾಗಿ ನಡೆದದ್ದು 4.2 ಸೆಕೆಂಡ್, ಬಣ್ಣ ಸಿಡಿಯೋದು, ಕಲ್ಲಂಗಡಿ ಒಡೆಯೋದು ಎಲ್ಲ ಅಷ್ಟರಲ್ಲೇ. ಅದನ್ನ ಇಡೀ ಹಾಡಿನಷ್ಟು ಉದ್ದಕ್ಕೆ ಎಳೆದಿದ್ದಾರೆ. ಚೆನ್ನಾಗಿದೆ, ಆದರೆ ಎರಡನೇ ಸಲ ನೋಡಬೇಕು ಅನ್ನಿಸಲಿಲ್ಲ. 2025ರಲ್ಲಿ 64 ಫೋನ್ ಜೋಡಿಸಿ ಮಾಡಿದ್ದೂ ಒಂದಿದೆ. ಅದನ್ನ ಕೊನೆಗೆ ಇಟ್ಟುಕೊಳ್ಳಿ.

ಹಿತ್ತಲು, ಟ್ರೆಡ್‌ಮಿಲ್, ಯಂತ್ರ, ಛತ್ರಿ, ವಿಮಾನ, ಇದೇ ಕ್ರಮದಲ್ಲಿ ನೋಡಿ, ಒಂದು ಸಂಜೆ ಸಾಕು. ಕಾಗದದ ಬಣ್ಣದ್ದು, 2017ರ 'ಅಬ್ಸೆಶನ್', 567 ಪ್ರಿಂಟರ್ ಇಟ್ಟು ಮಾಡಿದ್ದು. ಅದನ್ನ ಮಾತ್ರ ಮೊಬೈಲ್ ಡೇಟಾದಲ್ಲಿ ನೋಡಬೇಡಿ. ಕಾಗದ ಅಷ್ಟು ವೇಗವಾಗಿ ಬಣ್ಣ ಬದಲಿಸೋದರಿಂದ ಕಡಿಮೆ ಕ್ವಾಲಿಟಿಯಲ್ಲಿ ಚಿತ್ರವೆಲ್ಲ ಕಲಸಿ ಹೋಗುತ್ತೆ, ಅವರೇ ಶುರುವಲ್ಲಿ ಎಚ್ಚರಿಸಿದ್ದಾರೆ. ವೈಫೈ ಇರೋ ಕಡೆ, 4ಕೆ ಇಟ್ಟುಕೊಂಡು ನೋಡಿ.