ಒಳಕುಸಿಯುವುದು ಸಿಡಿಯುವುದಲ್ಲ

(ಟೈಟಾನಿಕ್ ಹಡಗಿನ ಅವಶೇಷ ನೋಡಲು ಸಾಗರದ ಆಳಕ್ಕಿಳಿದು ನಾಶವಾದ ಟೈಟನ್ ನೌಕೆಯ ಲೇಖನದಲ್ಲಿ ‘ನೌಕೆ ಒಳಕುಸಿಯಿತು’ ಎಂದು ಬರೆದದ್ದಕ್ಕೆ ಶಿರಸಿಯ ಓದುಗರೊಬ್ಬರ ಆಕ್ಷೇಪ ಬಂದಿದೆ. ‘ಇಂಗ್ಲಿಷಿನ ಇಂಪ್ಲೋಡ್ (ಒಳಮುಖವಾಗಿ ಕುಸಿಯುವುದು) ಎಂಬುದಕ್ಕೆ ಅಂತಃಸ್ಫೋಟ ಎಂಬ ಮಾತಿರುವಾಗ ಈ ಹೊಸ ಕ್ರಿಯಾಪದ ಏಕೆ? ನೋಯ್ಡಾದಲ್ಲಿ ಸ್ಫೋಟಕ ಇಟ್ಟು ಕೆಡವಿದ ಅವಳಿ ಕಟ್ಟಡಗಳಿಗೂ ಇದನ್ನೇ ಬಳಸುವಿರಾ?’ ಎಂದು ಅವರು ಕೇಳಿದ್ದಾರೆ.)

ನಮಸ್ಕಾರ. ಸ್ಫೋಟ ಎಂದೊಡನೆ ಒಳಗಿನಿಂದ ಏನೋ ಹೊರಕ್ಕೆ ಸಿಡಿದ ಚಿತ್ರ ಕಣ್ಣಿಗೆ ಬರುತ್ತದೆ. ಆ ಪದಕ್ಕೆ ‘ಅಂತಃ’ ಸೇರಿಸಿದರೂ ಆ ಚಿತ್ರ ಅಳಿಯುವುದಿಲ್ಲ. ನೌಕೆಯೊಳಗೆ ಬಾಂಬು ಸಿಡಿಯಿತೆಂದೇ ಅನೇಕರು ಓದಿಕೊಳ್ಳುತ್ತಾರೆ. 2023ರ ಜೂನ್ 18ರಂದು ಆದದ್ದು ಅದಕ್ಕೆ ತೀರ ವಿರುದ್ಧ. ಟೈಟನ್‌ನೊಳಗೆ ಐವರು ಉಸಿರಾಡುತ್ತಿದ್ದ ಸಾಮಾನ್ಯ ಒತ್ತಡದ ಗಾಳಿ ಇತ್ತು. ಹೊರಗೆ ಅಟ್ಲಾಂಟಿಕ್ ಸಾಗರ. ಪ್ರತಿ ಹತ್ತು ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಮುನ್ನೂರು ಕಿಲೋಗೂ ಹೆಚ್ಚು ಭಾರ. ಕಾರ್ಬನ್ ನಾರಿನ ಹೊರಕವಚ ಸೋತ ಕ್ಷಣದಲ್ಲಿ ನೀರು ನಾಲ್ಕೂ ಕಡೆಯಿಂದ ಒಳಕ್ಕೆ ನುಗ್ಗಿತು.

‘ಕುಗ್ಗಿತು’ ಎನ್ನಬಹುದಿತ್ತೇ? ಕುಗ್ಗುವುದು ನಿಧಾನದ ಕೆಲಸ. ವಯಸ್ಸಾದ ದೇಹ ಕುಗ್ಗುತ್ತದೆ, ನೋವಿಗೆ ಮನಸ್ಸು ಕುಗ್ಗುತ್ತದೆ. ಟೈಟನ್‌ಗೆ ಒಂದು ಸೆಕೆಂಡೂ ಬೇಕಾಗಲಿಲ್ಲ. ಬರಿಯ ‘ಕುಸಿ’ ಎಂದರೆ ಗುಡ್ಡ, ಬಾವಿಯ ದಂಡೆ ನೆನಪಾಗುತ್ತವೆ. ಅದರ ದಿಕ್ಕು ಕೆಳಕ್ಕೆ. ಒಳನುಗ್ಗು, ಒಳನುಸುಳು, ಒಳಸೇರು ಎಂದು ಸಲೀಸಾಗಿ ಬರೆಯುವ ನಮಗೆ ‘ಒಳಕುಸಿ’ ಹೊರಗಿನದೇನಲ್ಲ. ಅದರ ಬಳಕೆಯೂ ಸುಲಭ: ಮಳೆಗೆ ಗೋಡೆ ಕುಸಿಯಿತು ಎನ್ನುವಂತೆಯೇ ನೀರಿನ ಒತ್ತಡಕ್ಕೆ ನೌಕೆ ಒಳಕುಸಿಯಿತು. ‘ಒತ್ತಡವು ನೌಕೆಯನ್ನು ಒಳಕುಸಿಸಿತು’ ಎಂದು ಮಾತ್ರ ದಯವಿಟ್ಟು ಬರೆಯಬೇಡಿ; ಕಿವಿಗೆ ಚುಚ್ಚುತ್ತದೆ.

ನೋಯ್ಡಾಕ್ಕೆ ಈ ಪದ ಬೇಡ. 2022ರ ಆಗಸ್ಟ್ 28ರಂದು ಅಲ್ಲಿ ಸುಮಾರು 3,700 ಕಿಲೋ ಸ್ಫೋಟಕ ಬಳಸಿದ್ದು ನಿಜ. ಆದರೆ ಅದು ಮಾಡಿದ್ದು ಕಂಬಗಳನ್ನು ತುಂಡರಿಸುವ ಕೆಲಸವನ್ನಷ್ಟೇ. ಉಳಿದದ್ದು ಕಟ್ಟಡಗಳ ಸ್ವಂತ ತೂಕದ್ದು, ಭೂಮಿಯ ಸೆಳೆತದ್ದು. ಹೊರಗಿನಿಂದ ಯಾವ ಒತ್ತಡವೂ ಅವುಗಳನ್ನು ಹಿಸುಕಲಿಲ್ಲ. ಇಂಗ್ಲಿಷಿನವರು ಎರಡಕ್ಕೂ ಒಂದೇ ಮಾತು ಬಳಸಿಕೊಳ್ಳಲಿ. ನಾವು ‘ಕಂಬಗಳನ್ನು ಸ್ಫೋಟಿಸಿ ಕೆಡವಲಾಯಿತು’ ಎಂದು ಬರೆದರೆ ಆದದ್ದೆಲ್ಲ ಅದರಲ್ಲೇ ಬಂತು.

ರಾಜಕೀಯ ವರದಿಗಳಿಗೂ ಇದನ್ನು ಎಳೆದು ತರುವುದು ನನಗೆ ಒಪ್ಪಿಗೆಯಿಲ್ಲ. ಒಳಜಗಳಕ್ಕೆ ಪಕ್ಷ ಒಡೆಯಿತು ಎಂದರೆ ಸಾಕು.

– ಸಂಪಾದಕ